ಗ್ರಾಫಿಕ್ಸ್ ಕಾರ್ಡಿನ ಕೀರಲು ಸದ್ದಿಗೆ ನಾನು ಮಾಡಿ ನೋಡಿದ ಮದ್ದುಗಳು

ರಾಯಚೂರಿನಲ್ಲಿ ವರ್ಷದ ಬಹುಪಾಲು ದಿನ ಈ ಸಮಸ್ಯೆ ಯಾರ ಕಿವಿಗೂ ಬೀಳುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ತಲೆಯ ಮೇಲೆ ಫ್ಯಾನ್, ಕಿಟಕಿಯಲ್ಲಿ ಕೂಲರ್ ತಿರುಗುತ್ತಿರುವಾಗ ಕಂಪ್ಯೂಟರಿನೊಳಗಿನ ಸಣ್ಣ ಸದ್ದು ಎಲ್ಲಿಂದ ಕೇಳಿಸಬೇಕು? ನಾನು ಮದುವೆ ಮತ್ತು ಜಾತ್ರೆಗಳ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ನಿರೂಪಣೆಯ ಧ್ವನಿಯನ್ನೂ ನಾನೇ ಕೊಡುತ್ತೇನೆ. ಪರದೆಯ ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊಸದಾಗಿ ಹಾಕಿಸಿದ್ದು ಬೇಸಿಗೆಯಲ್ಲಿ. ಡಿಸೆಂಬರಿನ ಒಂದು ರಾತ್ರಿ ಫ್ಯಾನ್ ಆರಿಸಿ, ಒಂದು ಕಡೆ ರೆಂಡರ್ (ಕಂಪ್ಯೂಟರ್ ಅಂತಿಮ ವಿಡಿಯೊ ಸಿದ್ಧಪಡಿಸುವ ಕೆಲಸ) ಓಡಲು ಬಿಟ್ಟು, ಇನ್ನೊಂದು ಕಡೆ ಮೈಕಿನ ಮುಂದೆ ಕುಳಿತು ಮುದ್ರಿಸಿಕೊಂಡ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಿದಾಗ, ನನ್ನ ಮಾತಿನ ಬೆನ್ನಿಗೇ ಒಂದು ತೆಳುವಾದ ದನಿ ಅಂಟಿಕೊಂಡು ಬಂದಿರುವುದು ಗೊತ್ತಾಯಿತು.

ಮರುದಿನ ಅಕ್ಕನ ಮಗ ಬಂದವನೇ, "ಮಾಮಾ, ಡಬ್ಬಿಯಾಗ ಜೀರುಂಡಿ ಕುಂತದೇನು?" ಎಂದು ಕೇಳಿದ. ಅವ್ವನನ್ನು ಕರೆದು ಕೇಳಿಸಿದರೆ, "ಯಾವ ಸಪ್ಪಳೋ ಅದು? ನನಗೇನೂ ಕೇಳವಲ್ದು" ಎಂದಳು. ಇಬ್ಬರೂ ಹೇಳಿದ್ದು ನಿಜವೇ. ವಯಸ್ಸಾದಂತೆ ಕಿವಿಗೆ ಮೊದಲು ಕೈಕೊಡುವುದು ಎತ್ತರದ ಸ್ವರಗಳು; ಈ ಸದ್ದು ಇರುವುದು ಅಲ್ಲಿಯೇ. ಹೈದರಾಬಾದಿನ ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ, ಕಾರ್ಡ್ ಕೆಲಸ ಮಾಡುತ್ತಿದ್ದರೆ ಸದ್ದನ್ನು ದೋಷವೆಂದು ಪರಿಗಣಿಸುವುದಿಲ್ಲ ಎಂಬ ಉತ್ತರ ಬಂತು. ಹೀಗಾಗಿ ಮದ್ದು ನಾನೇ ಹುಡುಕಬೇಕಾಯಿತು.

ಸದ್ದು ಹುಟ್ಟುವ ಬಗೆಯನ್ನು ತಿಳಿಯದೆ ಮದ್ದುಗಳನ್ನು ಹೋಲಿಸಲು ಬರುವುದಿಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಈ ಕಾರ್ಡಿಗೆ ಕೊಡುವುದು 12 ವೋಲ್ಟ್. ಅದರ ಮುಖ್ಯ ಚಿಪ್ಪಿಗೆ ಬೇಕಾದುದು ಹೆಚ್ಚುಕಡಿಮೆ 1 ವೋಲ್ಟ್. ಈ ಇಳಿಕೆ ಕಾರ್ಡಿನ ಮೇಲೆಯೇ ನಡೆಯುತ್ತದೆ: ಸಣ್ಣ ಸ್ವಿಚ್ಚುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತೆರೆದು ಮುಚ್ಚುತ್ತವೆ, ಹಾಗೆ ತುಂಡು ತುಂಡಾಗಿ ಬರುವ ಕರೆಂಟನ್ನು ಸಾಲಾಗಿ ಕುಳಿತ ಚೋಕ್‌ಗಳು (ತಿರುಳಿನ ಸುತ್ತ ತಂತಿ ಸುತ್ತಿದ ಬಿಡಿಭಾಗಗಳು) ನಯಗೊಳಿಸಿ ಚಿಪ್ಪಿಗೆ ದಾಟಿಸುತ್ತವೆ. ಹಳೆಯ ಟ್ಯೂಬ್‌ಲೈಟ್ ಪಟ್ಟಿಯೊಳಗೆ ಗುಂಯ್‌ಗುಡುತ್ತಿದ್ದ ಚೋಕ್ ನೆನಪಿರುವವರಿಗೆ ಇದು ಅದರದೇ ಸಣ್ಣ ತಮ್ಮನೆಂದರೆ ಸಾಕು. ನನ್ನದು 220 ವ್ಯಾಟ್ ವರ್ಗದ ಕಾರ್ಡ್. ಪೂರ್ಣ ಹೊರೆಯಲ್ಲಿ ಅದರ ಚೋಕ್‌ಗಳ ಮೂಲಕ ಒಟ್ಟು ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ಕರೆಂಟ್ ಏರಿಳಿದಂತೆಲ್ಲ ಸುತ್ತಿದ ತಂತಿಯ ಮೇಲೆ ಕಾಂತೀಯ ಬಲ ಬಿದ್ದು ಅದು ಅದುರುತ್ತದೆ, ಒಳಗಿನ ತಿರುಳೂ ಕೂದಲೆಳೆಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಕಾಂತಕ್ಷೇತ್ರದಲ್ಲಿ ಕಬ್ಬಿಣದ ಉದ್ದ ಬದಲಾಗುವುದನ್ನು ಜೇಮ್ಸ್ ಜೂಲ್ 1842ರಲ್ಲಿಯೇ ಗುರುತಿಸಿದ್ದ. ನಮ್ಮ ಓಣಿಯ ತುದಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಗುಂಯ್‌ಗುಡುವುದಕ್ಕೂ ಮುಖ್ಯ ಕಾರಣ ಅದೇ. 50 ಹರ್ಟ್ಸ್ ಕರೆಂಟಿನಲ್ಲಿ ತಿರುಳು ಪ್ರತಿ ಸುತ್ತಿಗೆ ಎರಡು ಸಲ ಹಿಗ್ಗುವುದರಿಂದ ಅದರ ದನಿ 100 ಹರ್ಟ್ಸ್.

ಆದರೆ ಲಕ್ಷಗಟ್ಟಲೆ ಹರ್ಟ್ಸ್‌ನ ಸ್ವಿಚ್ಚಿನ ಆಟ ಮನುಷ್ಯರ ಕಿವಿಗೆ ಕೇಳಿಸದು. ನಮ್ಮ ಮಿತಿ 20,000 ಹರ್ಟ್ಸ್. ನಮಗೆ ಕೇಳಿಸುವುದು ಚಿಪ್ಪಿನ ಮೇಲಿನ ಹೊರೆಯ ಏರಿಳಿತ. ಪ್ರತಿ ಫ್ರೇಮ್, ಅಂದರೆ ಪರದೆಯ ಒಂದೊಂದು ಚಿತ್ರ, ಬಿಡಿಸುವಾಗಲೂ ಕಾರ್ಡ್ ಒಮ್ಮೆ ಕರೆಂಟನ್ನು ಎಳೆದುಕೊಳ್ಳುತ್ತದೆ, ಮುಗಿದ ಮೇಲೆ ಕ್ಷಣಕಾಲ ಸಡಿಲಿಸುತ್ತದೆ. ಆ ಎಳೆತಗಳು ಸೆಕೆಂಡಿಗೆ ನೂರಾರು ಸಲ ಆದಾಗ ಅದೇ ಸ್ವರವಾಗುತ್ತದೆ.

ಪರೀಕ್ಷೆಗೆ ನಾನು ಇಟ್ಟುಕೊಂಡ ನಿಯಮಗಳು ಸರಳ. ರಾತ್ರಿ ಹನ್ನೊಂದರ ನಂತರ, ಫ್ಯಾನ್ ಆರಿಸಿ, ಕ್ಯಾಬಿನೆಟ್ಟಿನಿಂದ ಒಂದು ಮಾರಿನಷ್ಟು ದೂರದಲ್ಲಿ ಅದೇ ಮೈಕ್, ಅದೇ ಮಟ್ಟ. ಮುದ್ರಿಸಿದ್ದನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರಮ್, ಅಂದರೆ ಯಾವ ಸ್ವರ ಎಷ್ಟು ಜೋರಾಗಿದೆ ಎಂದು ತೋರಿಸುವ ನಕ್ಷೆ, ನೋಡುವುದು. ಸದ್ದು ಕಾರ್ಡಿನದೋ ಎಸ್‌ಎಂಪಿಎಸ್‌ನದೋ ಎಂದು ತಿಳಿಯಲು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಕಂಪ್ಯೂಟರಿನೊಳಗಿನ ಫ್ಯಾನಿಗೆ ತಾಗದಂತೆ ಅಲ್ಲಲ್ಲಿ ಸರಿಸಿದೆ. ಕಾರ್ಡಿನ ಹಿಂಬದಿಯ ಮೂಲೆಗೆ ಬಂದಾಗ ದನಿ ಸೂಜಿಯಂತೆ ಚುಚ್ಚಿತು. ಇನ್ನೊಂದು ಎಚ್ಚರಿಕೆ ನಮ್ಮ ಊರಿನವರಿಗೇ ಹೇಳಬೇಕಾದದ್ದು: ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಹೋಲಿಕೆ ಮಾಡಬಾರದು. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ; ಅದಕ್ಕೆ ಎಸ್‌ಎಂಪಿಎಸ್ ತಾನೇ ಬೇರೊಂದು ರಾಗ ತೆಗೆಯುತ್ತದೆ. ಮೊದಲ ರಾತ್ರಿಯ ನನ್ನ ಅಳತೆಗಳೆಲ್ಲ ಹೀಗೆ ಹಾಳಾದವು.

ಎಲ್ಲರೂ ಮೊದಲು ಹೇಳುವ ಮದ್ದು ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂದು ಕಟ್ಟುಹಾಕುವುದು. ಅಕ್ಕನ ಮಗನ ಆಟವೊಂದರ ಮೆನು ಪರದೆಯಲ್ಲಿ ಕಾರ್ಡ್ ಸೆಕೆಂಡಿಗೆ 600ಕ್ಕೂ ಹೆಚ್ಚು ಫ್ರೇಮ್ ಬಿಡಿಸುತ್ತಿತ್ತು. 60 ಹರ್ಟ್ಸ್‌ನ ಮಾನಿಟರಿಗೆ ಅದರಲ್ಲಿ ಹತ್ತರಲ್ಲಿ ಒಂದಷ್ಟೇ ಉಪಯೋಗ. ಸ್ಪೆಕ್ಟ್ರಮ್ಮಿನಲ್ಲಿ 600, 1200, 1800 ಹರ್ಟ್ಸ್‌ಗಳ ಆಸುಪಾಸಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ನಿಂತಿದ್ದವು, ಫ್ರೇಮ್ ಸಂಖ್ಯೆ ಏರಿಳಿದಂತೆ ಅವೂ ಸರಿದಾಡುತ್ತಿದ್ದವು. ಕಾರ್ಡಿನ ಡ್ರೈವರ್ ತಂತ್ರಾಂಶದ ಸೆಟ್ಟಿಂಗಿನಲ್ಲಿ ಮಿತಿಯನ್ನು 60ಕ್ಕೆ ಇಟ್ಟೊಡನೆ ಹಲ್ಲುಗಳೆಲ್ಲ ಉದುರಿದವು, ಸದ್ದು ನಿಂತಿತು. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಹಾಕಿದರೂ ಇದೇ ಫಲ, ಆದರೆ ಮೌಸ್ ಸ್ವಲ್ಪ ತಡವಾಗಿ ಸ್ಪಂದಿಸುತ್ತದೆ ಎಂದು ಹುಡುಗ ದೂರಿದ್ದರಿಂದ ಮಿತಿಯನ್ನೇ ಉಳಿಸಿದೆ. ಕೇವಲ ಆಟ ಆಡುವವರು ಇಲ್ಲಿಗೇ ನಿಲ್ಲಬಹುದು. ಒಂದು ಪೈಸೆಯೂ ಖರ್ಚಿಲ್ಲ.

ನನಗೆ ಮಾತ್ರ ಅದರಿಂದ ಏನೂ ಆಗಲಿಲ್ಲ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಟೈಟಲ್ ರೆಂಡರ್ ಮಾಡುವಾಗ ಪರದೆಯ ಫ್ರೇಮ್ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯುತ್ತದೆ, ಮಿತಿ ಎಷ್ಟಿಟ್ಟರೂ 3000ದಿಂದ 4000 ಹರ್ಟ್ಸ್ ನಡುವಿನ ಆ ಕೀರಲು ಹಾಗೇ ಇರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅದೇ ಭಾಗದಲ್ಲಿ ಎಂಬುದು ದುರದೃಷ್ಟ.

ರೆಂಡರಿಗೆ ಪೈಪೋಟಿಗಿಳಿದದ್ದು ಎರಡು ಉಪಾಯಗಳು. ಒಂದು, ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಇಳಿಸುವುದು. ಇನ್ನೊಂದು, ವೋಲ್ಟೇಜ್ ಇಳಿಸುವುದು. ಎರಡನ್ನೂ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಿಂದಲೇ ಮಾಡಬಹುದು. ಪವರ್ ಲಿಮಿಟ್ಟಿನ ಪಟ್ಟಿಯನ್ನು ಶೇ. 75ಕ್ಕೆ ಎಳೆದರೆ ಕಾರ್ಡ್ 165 ವ್ಯಾಟ್ ದಾಟುವುದಿಲ್ಲ. ಸದ್ದು ಗಮನಕ್ಕೆ ಬರುವಷ್ಟು ಇಳಿಯಿತು, ಆದರೆ 10 ನಿಮಿಷದ ನನ್ನ ಪರೀಕ್ಷಾ ರೆಂಡರ್ 11 ನಿಮಿಷವಾಯಿತು. ಜೊತೆಗೆ, ಕಾರ್ಡ್ ಆ ಮಿತಿಗೆ ತಲೆ ತಾಗಿಸಿ ವೇಗವನ್ನು ಏರಿಸುತ್ತಾ ಇಳಿಸುತ್ತಾ ಇದ್ದುದರಿಂದ ಸದ್ದಿನ ಸ್ವರವೂ ತೂಗಾಡುತ್ತಿತ್ತು. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ, ತೂಗಾಡುವ ಸದ್ದು ಹಾಗಲ್ಲ.

ವೋಲ್ಟೇಜ್ ಇಳಿಸುವುದು ತುಸು ತಾಳ್ಮೆಯ ಕೆಲಸ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವೋಲ್ಟೇಜ್ ಮತ್ತು ವೇಗಗಳ ವಕ್ರರೇಖೆ ತೆರೆದುಕೊಳ್ಳುತ್ತದೆ. 1050 ಮಿಲಿವೋಲ್ಟ್ ಸುತ್ತಮುತ್ತ ಓಡುತ್ತಿದ್ದ ಕಾರ್ಡನ್ನು, ವೇಗವನ್ನು ಹೆಚ್ಚು ಬಿಟ್ಟುಕೊಡದೆ 900 ಮಿಲಿವೋಲ್ಟಿಗೆ ಕಟ್ಟಿಹಾಕಿ, ಅದರಾಚೆಗಿನ ಗೆರೆಯನ್ನು ಚಪ್ಪಟೆ ಮಾಡಿದೆ. ಚಿಪ್ಪು ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಅಷ್ಟೇ ಇದ್ದರೂ ಇಷ್ಟು ಇಳಿಕೆಗೆ ಸುಮಾರು ಕಾಲು ಭಾಗ ಉಳಿತಾಯವಾಗುತ್ತದೆಂಬುದು ಕಾಗದದ ಲೆಕ್ಕ. ದುರಾಸೆಯಿಂದ 875ಕ್ಕೆ ಇಳಿಸಿದ ರಾತ್ರಿ ರೆಂಡರ್ ಅರ್ಧಕ್ಕೇ ಕುಸಿದು ಬಿತ್ತು, ಮರಳಿ 900ಕ್ಕೆ ಬಂದೆ. ಅಲ್ಲಿ ಪರೀಕ್ಷಾ ರೆಂಡರ್ ಮುಗಿದದ್ದು 10 ನಿಮಿಷ 20 ಸೆಕೆಂಡಿನಲ್ಲಿ. ಸದ್ದು ಪವರ್ ಲಿಮಿಟ್ಟಿನಷ್ಟೇ ತಗ್ಗಿತ್ತು, ಮೇಲಾಗಿ ಅಲುಗಾಡದೆ ಒಂದೇ ಸ್ವರದಲ್ಲಿತ್ತು. ಕಾರ್ಡಿನ ಬಿಸಿ 76 ಡಿಗ್ರಿಯಿಂದ 68ಕ್ಕೆ ಇಳಿದದ್ದನ್ನು, ಬೇಸಿಗೆಯಲ್ಲಿ ಇದೇ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವನಾಗಿ, ನಾನು ಸದ್ದಿಗಿಂತ ಹೆಚ್ಚೇ ಮೆಚ್ಚಿಕೊಂಡೆ. ಈ ಎರಡರಲ್ಲಿ ನನ್ನ ಮತ ನಿಸ್ಸಂಶಯವಾಗಿ ವೋಲ್ಟೇಜ್ ಇಳಿಸುವುದಕ್ಕೇ.

ಹಣ ಖರ್ಚಾಗುವ ಮದ್ದು ಎಸ್‌ಎಂಪಿಎಸ್ ಬದಲಿಸುವುದು. ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯನಿಂದ ಒಳ್ಳೆಯ ದರ್ಜೆಯ 750 ವ್ಯಾಟಿನದೊಂದನ್ನು ಎರಡು ದಿನಕ್ಕೆ ಎರವಲು ತಂದು ಹಾಕಿದೆ. ಸ್ವರ ಕೊಂಚ ಬದಲಾಯಿತು, ಸದ್ದಿನ ಮಟ್ಟ ಬದಲಾಗಲಿಲ್ಲ. ಕೆಲವರ ಕಂಪ್ಯೂಟರಿನಲ್ಲಿ ಇದರಿಂದ ಗುಣ ಕಾಣುವುದುಂಟು, ಆದ್ದರಿಂದ ಎರವಲು ಸಿಕ್ಕರೆ ಪ್ರಯತ್ನಿಸಬಹುದು. ಪರೀಕ್ಷಿಸದೆ ಕೊಂಡು ತರುವುದನ್ನು ಮಾತ್ರ ನಾನು ಒಪ್ಪಲಾರೆ. ಗೆಳೆಯ ಸೂಚಿಸಿದ ಅರ್ತಿಂಗ್ ಸರಿಪಡಿಸುವ ಕೆಲಸವನ್ನೂ ಮಾಡಿಸಿದೆ. ಅದರಿಂದ ಸ್ಪೀಕರಿನ ಗುಂಯ್ ಹೋಯಿತು. ಕಾರ್ಡಿನ ಕೀರಲಿಗೂ ಅರ್ತಿಂಗಿಗೂ ಸಂಬಂಧವಿಲ್ಲ.

"ಒಂದಿಡೀ ದಿನ ಜೋರಾಗಿ ಓಡಿಸಿ ಬಿಡು, ತಾನೇ ಪಳಗುತ್ತದೆ" ಎಂಬ ಸಲಹೆಯನ್ನೂ ಪಾಲಿಸಿದೆ. ಇಡೀ ಕಂಪ್ಯೂಟರ್ ಸುಮಾರು 350 ವ್ಯಾಟ್ ಎಳೆಯುವ ಲೆಕ್ಕದಲ್ಲಿ 24 ಗಂಟೆಗೆ ಎಂಟೂವರೆ ಯೂನಿಟ್ ಸುಟ್ಟಿತು. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿಯ ಮೇಲೆ ಶೇ. 10 ಮಾತ್ರ ಹೆಚ್ಚೆಂಬುದನ್ನು ಅವ್ವ ಆ ದಿನ ಮೂರು ಸಲ ನೆನಪಿಸಿದಳು. ಸದ್ದು ಎಳ್ಳಷ್ಟೂ ಪಳಗಲಿಲ್ಲ.

ಚೋಕ್‌ಗಳಿಗೆ ಅಂಟು ಹಾಕುವುದನ್ನು ವಾರಂಟಿ ಮುಗಿದ ಒಂದು ಹಳೆಯ ಕಾರ್ಡಿನ ಮೇಲೆ ಮಾತ್ರ ಮಾಡಿ ನೋಡಿದೆ. ಅದರ ಚೋಕ್‌ಗಳು ಎರಡು ತುಂಡು ಫೆರೈಟ್ (ಕಾಂತೀಯ ಗುಣದ ಪಿಂಗಾಣಿಯಂಥ ವಸ್ತು) ಕೂಡಿಸಿದ ಮಾದರಿಯವು, ನಡುವೆ ತೆಳುವಾದ ಬಿರುಕು ಕಾಣುತ್ತಿತ್ತು. ಆ ಬಿರುಕಿಗೆ ಬೆಂಕಿಕಡ್ಡಿಯ ತುದಿಯಿಂದ ಎಪಾಕ್ಸಿ ಇಳಿಸಿ ಒಂದು ದಿನ ಒಣಗಲು ಬಿಟ್ಟ ಮೇಲೆ ಸದ್ದು ಸ್ವಲ್ಪ ಮಂದವಾಯಿತು. ಹೊಸ ಕಾರ್ಡಿನವು ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಗಟ್ಟಿ ಚೋಕ್‌ಗಳು. ಅವಕ್ಕೆ ಹೊರಗಿನಿಂದ ಬಳಿದ ಅಂಟು ಒಳಗಿಳಿಯಲು ದಾರಿಯೇ ಇಲ್ಲ. ವಾರಂಟಿಯನ್ನು ಕಳೆದುಕೊಂಡು ಮೇಲ್ಮೈಗೆ ಬಣ್ಣ ಬಳಿದಂತಾಗುವ ಈ ಕೆಲಸಕ್ಕೆ ನಾನು ಕೈ ಹಾಕಲಿಲ್ಲ.

ಸದ್ದನ್ನು ಹಾಗೇ ಬಿಟ್ಟು ಮುದ್ರಣದಿಂದ ಅಳಿಸಿದರಾಯಿತು ಎಂದು ಕೆಲವರು ಹೇಳುತ್ತಾರೆ. ಬೇಡದ ಸದ್ದನ್ನು ಅಳಿಸುವ ನಾಯ್ಸ್ ರಿಡಕ್ಷನ್ ಅನ್ನು ಸ್ವಲ್ಪ ಹಾಕಿದರೆ ಕೀರಲು ಉಳಿಯುತ್ತದೆ, ಜೋರಾಗಿ ಹಾಕಿದರೆ ಅದೇ ಎತ್ತರದಲ್ಲಿರುವ ಉಸಿರಿನ ಅಕ್ಷರಗಳು ಸವೆದುಹೋಗುತ್ತವೆ. ಒಂದು ಮದುವೆಯ ನಿರೂಪಣೆಯಲ್ಲಿ "ಶುಭಾಶಯ" ಎಂದದ್ದು "ಸುಬಾಸಯ" ಎಂದು ಕೇಳಿಸಿದಾಗ ಆ ಮದ್ದನ್ನು ಕೈಬಿಟ್ಟೆ.

ಕೊನೆಗೆ ಉಳಿದದ್ದು ದೂರ. 900 ಮಿಲಿವೋಲ್ಟಿನಲ್ಲಿ ಸದ್ದು ತಗ್ಗಿತ್ತೇ ಹೊರತು ಸತ್ತಿರಲಿಲ್ಲ, ಮೈಕ್ ಅದನ್ನು ಇನ್ನೂ ಹೆಕ್ಕಿಕೊಳ್ಳುತ್ತಿತ್ತು. ಗೋಡೆಯಲ್ಲಿ ಒಂದೂವರೆ ಇಂಚಿನ ತೂತು ಹಾಕಿಸಿ, ಕ್ಯಾಬಿನೆಟ್ಟನ್ನು ಪಕ್ಕದ ಸಾಮಾನಿನ ಕೋಣೆಗೆ ಸಾಗಿಸಿ, 5 ಮೀಟರ್ ಎಚ್‌ಡಿಎಂಐ ಮತ್ತು ಯುಎಸ್‌ಬಿ ಕೇಬಲ್‌ಗಳನ್ನು ಈಚೆಗೆ ಎಳೆದುಕೊಂಡೆ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರೇ ಮಿತಿ. ಅದಕ್ಕಿಂತ ದೂರ ಹೋಗುವವರು ಬೇರೆ ಬಗೆಯ ಕೇಬಲ್ ಕೊಳ್ಳಬೇಕಾಗುತ್ತದೆ. ಮಿಸ್ತ್ರಿಯ ಕೂಲಿ, ಕೇಬಲ್ಲುಗಳು ಎಲ್ಲ ಸೇರಿದರೂ ಆ ಎಸ್‌ಎಂಪಿಎಸ್‌ನ ಅರ್ಧ ಬೆಲೆಯಾಗಲಿಲ್ಲ. ಈಗ ಮೈಕಿಗೆ ಕೇಳಿಸುವುದು ನನ್ನ ಧ್ವನಿ, ಆಗೊಮ್ಮೆ ಈಗೊಮ್ಮೆ ಬೀದಿ ನಾಯಿ.

ಇದಕ್ಕೆ ತೆರಬೇಕಾಗಿ ಬಂದ ದಂಡ ಬೇರೆಯೇ ಆಗಿದೆ. ಆ ಕೋಣೆಯಲ್ಲಿ ಜೋಳದ ಚೀಲಗಳಿವೆ. ಅವ್ವ ಜೋಳ ಕೇರಿದ ದಿನ ಹೊಟ್ಟೆಲ್ಲ ಹಾರಿ ಕ್ಯಾಬಿನೆಟ್ಟಿನ ಮುಂಬದಿಯ ಜಾಳಿಗೆಗೆ ಕೂರುತ್ತದೆ, ಮೊದಲು ತಿಂಗಳಿಗೊಮ್ಮೆ ಒರೆಸುತ್ತಿದ್ದ ಜಾಳಿಗೆಯನ್ನು ಈಗ ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತಿದ್ದೇನೆ.