ಬೌದ್ಧಿಕ ಆಸ್ತಿಯ ಮೂಟ್ ಮತ್ತು ಮಧ್ಯಸ್ಥಿಕೆಯ ಮೂಟ್: ಮೊದಲು ಯಾವುದು?

ಶಿವಮೊಗ್ಗದಲ್ಲಿ ಕಾನೂನು ಓದುವಾಗ ನಾನು ಎರಡು ಮೂಟ್ ಕೋರ್ಟ್ ಸ್ಪರ್ಧೆಗಳಲ್ಲಿ, ಅಂದರೆ ಕಲ್ಪಿತ ಪ್ರಕರಣವನ್ನು ವಿದ್ಯಾರ್ಥಿಗಳು ವಕೀಲರಂತೆ ವಾದಿಸುವ ಸ್ಪರ್ಧೆಗಳಲ್ಲಿ, ವಾದಿಸಿದೆ. ಮೂರನೇ ವರ್ಷದಲ್ಲಿ ಬೌದ್ಧಿಕ ಆಸ್ತಿಯದು, ನಾಲ್ಕನೇ ವರ್ಷದಲ್ಲಿ ವಾಣಿಜ್ಯ ಮಧ್ಯಸ್ಥಿಕೆಯದು (ವ್ಯಾಪಾರದ ವಿವಾದವನ್ನು ನ್ಯಾಯಾಲಯದ ಹೊರಗೆ ಮಧ್ಯಸ್ಥಗಾರರು ತೀರ್ಮಾನಿಸುವ ವಿಧಾನ). ಯಾವುದಕ್ಕೆ ಹೆಸರು ಕೊಡುವುದೆಂದು ಕಿರಿಯರು ಕೇಳುತ್ತಿರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬರೆಯುತ್ತಿದ್ದೇನೆ.

ಬೌದ್ಧಿಕ ಆಸ್ತಿಯ ಸಮಸ್ಯೆ ಓದಿದ ಕೂಡಲೇ ನಮ್ಮೂರಿನದೇ ಎನ್ನಿಸಿತ್ತು. ಒಂದು ಪ್ರದೇಶದ ಬೆಳೆಗಾರರ ಸಂಘವು ಅಲ್ಲಿನ ಉಪ್ಪಿನಕಾಯಿ ಮಾವಿಗೆ ಭೌಗೋಳಿಕ ಸೂಚಕದ (ಆ ಊರಿನದೇ ವಿಶಿಷ್ಟ ಸರಕು ಎಂಬ ಗುರುತಿನ) ನೋಂದಣಿ ಪಡೆದಿದೆ. ಕಂಪನಿಯೊಂದು ಅದೇ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಬಳಸುತ್ತಿದೆ. ಸಾಗರದ ಕಡೆಯ ಮನೆಯಲ್ಲಿ ಬೆಳೆದ ನನಗೆ, ತೊಟ್ಟು ಮುರಿದಾಗ ಬರುವ ಸೊನೆಯ ಪರಿಮಳದಿಂದಲೇ ಅಪ್ಪೆಮಿಡಿಯ ಜಾತಿ ಗುರುತಿಸುವುದು ಗೊತ್ತು. 2019ರಲ್ಲಿ ಶಿರಸಿ ಅಡಿಕೆಗೆ ಈ ನೋಂದಣಿ ಸಿಕ್ಕಾಗ ಮನೆಯವರು ಮಾತಾಡಿಕೊಂಡದ್ದೂ ನೆನಪಿತ್ತು. ಸಂಘದ ಪರವಾಗಿ ಮಣ್ಣು, ಮಳೆ, ಹೊಳೆಬದಿಯ ಮರ ಎಂದು ನಾಲ್ಕು ನಿಮಿಷ ಮನಸಾರೆ ವಾದಿಸಿದೆ. ಪೀಠದಲ್ಲಿದ್ದವರು ತಾಳ್ಮೆಯಿಂದ ಕೇಳಿ, ಕಂಪನಿ ತನ್ನ ಗುರುತಿಗೆ ಅರ್ಜಿ ಹಾಕಿದ ದಿನಾಂಕ ಯಾವುದೆಂದರು. ನನಗೆ ತಿಳಿದಿರಲಿಲ್ಲ. ಸಂಘದ ಅರ್ಜಿಗಿಂತ ಮೊದಲೇ ಸದ್ಭಾವನೆಯಿಂದ ಅರ್ಜಿ ಹಾಕಿದ ಟ್ರೇಡ್‌ಮಾರ್ಕಿಗೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯ 26ನೇ ಕಲಂ ರಕ್ಷಣೆ ಕೊಡುತ್ತದೆ. ಇಡೀ ಪ್ರಕರಣ ನಿಂತಿದ್ದದ್ದು ಆ ದಿನಾಂಕದ ಮೇಲೆ, ಅದು ಸಮಸ್ಯೆಯ ಆರನೇ ಪುಟದಲ್ಲೇ ಇತ್ತು.

ಈ ವಿಷಯದ ಆಳ ಮಾತ್ರ ನಿಜಕ್ಕೂ ದೊಡ್ಡದು. ತಿಳಿದ ವಸ್ತುವಿನ ಹೊಸ ರೂಪಕ್ಕೆ ಪರಿಣಾಮಕಾರಿತ್ವ ಹೆಚ್ಚದ ಹೊರತು ಪೇಟೆಂಟ್ ಇಲ್ಲ ಎನ್ನುವ ಪೇಟೆಂಟ್ ಕಾಯಿದೆಯ 3(ಡಿ) ಕಲಮಿನಲ್ಲಿರುವ ‘ಪರಿಣಾಮಕಾರಿತ್ವ’ ಎಂಬ ಒಂದು ಪದಕ್ಕೆ, ಔಷಧದ ವಿಷಯದಲ್ಲಿ, ರೋಗ ಗುಣಪಡಿಸುವ ಶಕ್ತಿ ಎಂದೇ ಅರ್ಥ ಮಾಡಿ ಸುಪ್ರೀಂ ಕೋರ್ಟು 2013ರಲ್ಲಿ ನೊವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿದ ತೀರ್ಪನ್ನು ಓದಿದವರಿಗೆ, ಕಾನೂನು ಮತ್ತು ಜನರ ಆರೋಗ್ಯ ಎಷ್ಟು ಹತ್ತಿರದ ಸಂಗತಿಗಳೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಸ್ಥಿಕೆಯ ಸ್ಪರ್ಧೆಯಲ್ಲಿ ಮನೆಯ ನೆನಪು ಯಾವುದೂ ಕೈಹಿಡಿಯಲಿಲ್ಲ. ನಮ್ಮದು ವಿಯೆನ್ನಾದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಸ್ಪರ್ಧೆಯಾದ ವಿಸ್ ಮೂಟ್ ಮಾದರಿಯದು: ಹಕ್ಕುದಾರರ ಪರ ಮೆಮೋರಿಯಲ್ (ಲಿಖಿತ ವಾದ) ಬರೆದ ಮೇಲೆ, ಬೇರೊಂದು ತಂಡ ಬರೆದದ್ದಕ್ಕೆ ಎದುರುದಾರರ ಪರವಾಗಿ ಉತ್ತರಿಸಬೇಕು. ಹೀಗಾಗಿ ನಮ್ಮ ವಾದದ ಬಿರುಕು ನಮಗೇ ಕಾಣುತ್ತದೆ. ಅಂತರರಾಷ್ಟ್ರೀಯ ಸರಕು ಮಾರಾಟದ 1980ರ ವಿಶ್ವಸಂಸ್ಥೆಯ ಒಪ್ಪಂದವನ್ನೂ ಹೊಸದಾಗಿಯೇ ಕಲಿಯಬೇಕಾಯಿತು. ಭಾರತ ಅದಕ್ಕೆ ಸೇರಿಲ್ಲವಾದ್ದರಿಂದ ತರಗತಿಯಲ್ಲಿ ಅದು ಬಂದಿರಲಿಲ್ಲ.

ಮಧ್ಯಸ್ಥಗಾರರ ಸ್ಥಾನದಲ್ಲಿದ್ದವರು ಕರಾರಿನ 14ನೇ ಷರತ್ತನ್ನು ಗಟ್ಟಿಯಾಗಿ ಓದಿಸಿದರು. ‘ವಿಚಾರಣೆಯ ಸ್ಥಳ ಬೆಂಗಳೂರು’ ಎಂದಷ್ಟೇ ಅಲ್ಲಿತ್ತು. ಕಾನೂನಿನ ದೃಷ್ಟಿಯ ಪೀಠಸ್ಥಾನ, ಅಂದರೆ ಯಾವ ಊರಿನ ನ್ಯಾಯಾಲಯಗಳಿಗೆ ಆ ಮಧ್ಯಸ್ಥಿಕೆಯ ಮೇಲೆ ಅಧಿಕಾರವಿದೆಯೋ ಆ ಊರು, ಎಂದು ಎಲ್ಲಿ ಬರೆದಿದೆ, ತೋರಿಸಿ ಎಂದರು. ಈ ಸಲ ಉತ್ತರವಿತ್ತು: ವಿರುದ್ಧ ಸೂಚನೆ ಇಲ್ಲದಿದ್ದರೆ ಹೆಸರಿಸಿದ ಸ್ಥಳವೇ ಪೀಠಸ್ಥಾನವೆಂದು ಎನ್‌ಎಚ್‌ಪಿಸಿ ಪ್ರಕರಣದಲ್ಲಿ 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಿಂದಿನ ವರ್ಷದ ಆರನೇ ಪುಟ ನೆನಪಿದ್ದುದರಿಂದ, ಆ ಷರತ್ತಿನ ಪ್ರತಿ ಪದವನ್ನೂ ನಾನು ಪೆನ್ಸಿಲಿನಲ್ಲಿ ಗೆರೆಯೆಳೆದು ಓದಿದ್ದೆ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮಧ್ಯಸ್ಥಿಕೆಯ ವ್ಯಾಖ್ಯಾನ ಗ್ರಂಥಗಳು ದುಬಾರಿ, ಆದರೆ ವಿಶ್ವಸಂಸ್ಥೆಯ ಮಾದರಿ ಕಾನೂನು ಮತ್ತು ನಮ್ಮ 1996ರ ಮಧ್ಯಸ್ಥಿಕೆ ಕಾಯಿದೆ ಅಂತರ್ಜಾಲದಲ್ಲಿ ಉಚಿತ.

ಒಂದೇ ಸ್ಪರ್ಧೆಗೆ ಅವಕಾಶವಿದ್ದರೆ ಮಧ್ಯಸ್ಥಿಕೆಯದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ನನಗೆ ಹೆಚ್ಚು ಪ್ರಿಯವಾದದ್ದು ಇನ್ನೊಂದು. ಮಧ್ಯಸ್ಥಿಕೆಯದನ್ನು ಮೊದಲು ಮಾಡಿದ್ದರೆ ಆ ಮಿಡಿಮಾವಿನ ಬೆಳೆಗಾರರ ಪರವಾಗಿ ಇನ್ನೂ ಚೆನ್ನಾಗಿ ನಿಲ್ಲುತ್ತಿದ್ದೆ.