ಮನೆಯ ಕರೆಂಟ್ ಅಳೆಯಲು ಯಾವ ಕ್ಲಾಂಪ್: 030 ಅಥವಾ 000?

ದಾವಣಗೆರೆಯ ಸಿಂಗಲ್ ಫೇಸ್ ಮನೆಗೆ, ಗೀಸರ್ ಜತೆ 1 ಎಚ್‌ಪಿ ಮೋಟರ್ ಓಡಿದರೂ, ಎಸ್‌ಸಿಟಿ-013-030 (ವೈರಿನ ಸುತ್ತ ಸಿಕ್ಕಿಸಿ ಕರೆಂಟ್ ಅಳೆಯುವ ಕ್ಲಾಂಪ್ ಸೆನ್ಸರ್) ಸಾಕು. 30 ಆಂಪಿಯರ್‌ಗೆ 1 ವೋಲ್ಟ್ ಕೊಡುತ್ತದೆ. ಕರೆಂಟನ್ನು ವೋಲ್ಟೇಜ್ ಆಗಿಸುವ ಬರ್ಡನ್ ರೆಸಿಸ್ಟರ್ ಒಳಗೇ ಇದೆ. 013-000 ಅಳೆಯುವುದು 100 ಆಂಪಿಯರ್‌ವರೆಗೆ, ಆದರೆ ಕೊಡುವುದು 50 ಮಿಲಿಆಂಪಿಯರ್ ಕರೆಂಟ್. ರೀಡಿಂಗ್ ಓದುವ ಮೈಕ್ರೋಕಂಟ್ರೋಲರ್ ಬೋರ್ಡ್ ಇಎಸ್‌ಪಿ32 ಆದರೆ 22 ಓಮ್ ಬರ್ಡನ್ ನೀವೇ ಹಾಕಬೇಕು. ಅದನ್ನು ಜೋಡಿಸದೆ ಓಡುತ್ತಿರುವ ವೈರಿಗೆ ಕ್ಲಾಂಪ್ ಸಿಕ್ಕಿಸಬೇಡಿ, ತುದಿಗಳಲ್ಲಿ ವೋಲ್ಟೇಜ್ ಏರುತ್ತದೆ.

1 ಆಂಪಿಯರ್ ಲೋಡಿಗೆ 030 ಸುಮಾರು 33 ಮಿಲಿವೋಲ್ಟ್ ಕೊಟ್ಟರೆ 000 ಬರೀ 11. ಸಣ್ಣ ಲೋಡಿನಲ್ಲಿ ಇದೇ ವ್ಯತ್ಯಾಸ. (9 ವ್ಯಾಟ್ ಬಲ್ಬ್ ಮಾತ್ರ ಎರಡರಲ್ಲೂ ನಾಯ್ಸ್‌ನಲ್ಲಿ ಮುಳುಗುತ್ತದೆ.)

ಎರಡಕ್ಕೂ 1.65 ವೋಲ್ಟ್ ಬಯಾಸ್ (ಸಿಗ್ನಲನ್ನು ಸೊನ್ನೆಗಿಂತ ಮೇಲೆ ಎತ್ತಿಡುವ ಸ್ಥಿರ ವೋಲ್ಟೇಜ್) ಬೇಕು: ಎರಡು 10ಕೆ ರೆಸಿಸ್ಟರ್, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್. ರೀಡಿಂಗ್ ಸೊನ್ನೆ ಬಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದಿದ್ದೀರಾ ನೋಡಿ. ಫೇಸ್ ಒಂದೇ ಇರಲಿ.