ಹಳೆಯ ಇಳಕಲ್ ಸೀರೆಯ ಟ್ರಂಕಿಗೆ ಕರ್ಪೂರ, ನುಸಿಗುಳಿಗೆ ಎರಡನ್ನೂ ಒಟ್ಟಿಗೆ ಹಾಕಬೇಡಿ

ಬಾಗಲಕೋಟೆ ಕಡೆಯ ಒಂದು ಮನೆಯ ಟ್ರಂಕು. ಒಳಗೆ ಕಸೂತಿ ಹಾಕಿದ ಹಳೆಯ ಇಳಕಲ್ ಸೀರೆ, ಮೇಲೊಂದು ಉಣ್ಣೆ ಶಾಲು. ಹುಳ ಬೀಳದಿರಲೆಂದು ಮಡಿಕೆಗಳ ನಡುವೆ ನುಸಿಗುಳಿಗೆ, ಜೊತೆಗೆ ಒಂದು ಹಿಡಿ ಕರ್ಪೂರ. ಬೇಸಿಗೆ ಕಳೆದ ಮೇಲೆ ತೆಗೆದರೆ ಎಣ್ಣೆ ಚೆಲ್ಲಿದಂಥ ಕಲೆ ಮಡಿಕೆಯಿಂದ ಮಡಿಕೆಗೆ ಇಳಿದಿತ್ತು. ಶಾಲೂ ತೂತು ಬಿದ್ದಿತ್ತು. ಲಾಂಡ್ರಿಯವರು ಕಲೆ ತೆಗೆಯದೆ ಬಿಸಿ ಇಸ್ತ್ರಿ ಎಳೆದರು; ಅದು ಅಲ್ಲೇ ಕೂತುಬಿಟ್ಟಿತು.

ನುಸಿಗುಳಿಗೆಯ ನ್ಯಾಫ್ತಲೀನ್ ಕರಗುವುದು ಸುಮಾರು 80 ಡಿಗ್ರಿಗೆ, ಕರ್ಪೂರ 175ರ ಆಸುಪಾಸಿನಲ್ಲಿ. ಆದರೆ ಎರಡೂ ಒಂದಕ್ಕೊಂದು ತಾಗಿದರೆ 32 ಡಿಗ್ರಿ ಸಾಕು, ದ್ರವವಾಗುತ್ತವೆ. ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಟ್ರಂಕಿನೊಳಗೆ ಅದಕ್ಕಿಂತ ಹೆಚ್ಚೇ ಕಾವು. ಬೇರೆ ಬೇರೆ ಕಂಪನಿಯ ಗುಳಿಗೆ ಬೆರೆಸುವುದೂ ಅಪಾಯ: ಕೆಲವು ನ್ಯಾಫ್ತಲೀನ್‌ನವು, ಕೆಲವು ಪ್ಯಾರಾಡೈಕ್ಲೋರೋಬೆಂಜೀನ್‌ನವು. ಅವೂ ಸೇರಿದರೆ ಸೆಕೆಗೇ ಕರಗುತ್ತವೆ.

ಇಷ್ಟಾದರೂ ಹುಳ ಸಾಯಲಿಲ್ಲವೇಕೆ? ಗುಳಿಗೆಯ ಆವಿ ಗಾಳಿಯಾಡದ ಜಾಗದಲ್ಲಿ ದಟ್ಟವಾಗಿ ತುಂಬಿದರೆ ಮಾತ್ರ ಕೊಲ್ಲುತ್ತದೆ. ಟ್ರಂಕಿನ ಮುಚ್ಚಳದ ಸಂದಿಯಿಂದ ಅದು ಸೋರಿಹೋಗುತ್ತದೆ. ಬಟ್ಟೆ ತಿನ್ನುವುದು ಹಾರುವ ಪತಂಗವೋ ದುಂಬಿಯೋ ಅಲ್ಲ, ಅದರ ಮರಿಹುಳ. ಕಾರ್ಪೆಟ್ ದುಂಬಿಯ ಮರಿ ನಾಲ್ಕೈದು ಮಿಲಿಮೀಟರ್ ಉದ್ದ, ಮೈತುಂಬ ಕಂದು ರೋಮ. ಕಳಚಿದ ಪೊರೆಗಳು ಹೊಲಿಗೆಯ ಸಂದಿಯಲ್ಲಿ ಸಿಗುತ್ತವೆ. ಉಣ್ಣೆ, ರೇಷ್ಮೆ ಎರಡೂ ಅದಕ್ಕೆ ಆಹಾರ. ಹಾಗಾಗಿ ಹತ್ತಿಯ ಒಡಲು ಉಳಿದು ರೇಷ್ಮೆ ಸೆರಗು ಹೋಗಬಹುದು. ಕಸೂತಿಯ ದಾರ ರೇಷ್ಮೆಯದಾದರೆ ಗೋಪುರ, ತೇರುಗಳೆಲ್ಲ ಅಳಿದು ಸೂಜಿಯ ಚುಕ್ಕಿಗಳಷ್ಟೇ ಕಾಣುತ್ತವೆ. ಗಂಜಿ ಹಾಕಿದ ಹತ್ತಿಗೆ ಬೆಳ್ಳಿಹುಳ (ಸಿಲ್ವರ್‌ಫಿಶ್) ಬೀಳುತ್ತದೆ. ಗಂಜಿ ತೊಳೆಯದೆ ಎತ್ತಿಡಬೇಡಿ.

ಹುಳ ಕಂಡರೆ ಚಳಿಯೇ ಮದ್ದು. ಒಣಗಿದ ಬಟ್ಟೆಯನ್ನು ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ, ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಭದ್ರವಾಗಿ ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಲೇಬೇಡಿ, ಇಲ್ಲದಿದ್ದರೆ ನೇಯ್ಗೆಯ ಮೇಲೆ ನೀರು ಕೂರುತ್ತದೆ. ಗಾಜಿನ ಮಣಿ, ಚರ್ಮ, ಬಣ್ಣದ ಚಿತ್ರ ಇರುವ ಬಟ್ಟೆಗೆ ಇದು ಬೇಡ. ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಗೂಡನ್ನು ನಂಬಬೇಡಿ, ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿ.

ಇನ್ನೊಂದು, ತುಂಬ ಮುಖ್ಯ: ನ್ಯಾಫ್ತಲೀನ್ ವಾಸನೆ ಹಿಡಿದ ಕುಲಾವಿ, ಕುಂಚಿಗೆಯನ್ನು ಕೂಸಿಗೆ ತೊಡಿಸಬೇಡಿ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ತರುತ್ತದೆ.